ಬೂಟಿನ ಒಳತೊಗಲಿಗೆ ಕೊಬ್ಬರಿ ಎಣ್ಣೆಯೋ, ಮೇಣವೋ, ಒದ್ದೆ ಬಟ್ಟೆಯೋ

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಒದ್ದೆ ಬಟ್ಟೆ. ಕೊಬ್ಬರಿ ಎಣ್ಣೆ ತಾನೂ ಸೋತು ನನ್ನ ಬಲಗಾಲಿನ ಬೂಟನ್ನೂ ಕೆಡಿಸಿತು.

ಮ್ಯೂನಿಕ್‌ನಲ್ಲಿರುವ ಭಾವ ಎರಡು ವರ್ಷದ ಹಿಂದೆ ಊರಿಗೆ ಬರುವಾಗ ಟ್ರೆಕ್ಕಿಂಗ್ ಬೂಟು ತಂದುಕೊಟ್ಟರು. ಬವೇರಿಯಾದ ಮೈಂಡಲ್, ಹಾನ್‌ವಾಗ್, ಲೋವಾದವರು ಹೊರಗೂ ಒಳಗೂ ತೊಗಲೇ ಇರುವ ಬೂಟು ಮಾಡುತ್ತಾರೆ. ಅಂಥದ್ದೇ ಬೇಕು ಅಂತ ನಾನೇ ಹೇಳಿಕಳಿಸಿದ್ದೆ. ಅದಕ್ಕೂ ಮೊದಲಿನ ಜೋಡಿಯಲ್ಲಿ ನೀರು ಒಳಬಿಡದ ಪೊರೆ ಇತ್ತು. ಕೊಡಚಾದ್ರಿಯ ಮಳೆಯಲ್ಲಿ ಅದರ ಅಡಿಯಿಂದ ಒಂದು ಹನಿಯೂ ಬರಲಿಲ್ಲ. ನೀರೆಲ್ಲ ಪ್ಯಾಂಟಿನಿಂದ ಇಳಿದು ಮೇಲಿನಿಂದ ಬಂತು, ಬಂದದ್ದು ಅಲ್ಲೇ ನಿಂತಿತು. ಬಕೆಟ್ಟಿನೊಳಗೆ ಕಾಲಿಟ್ಟುಕೊಂಡು ಗುಡ್ಡ ಇಳಿದ ಹಾಗಾಯಿತು.

ತೊಗಲಿನ ಒಳಪದರ ಬೆವರು ಹೀರುತ್ತದೆ, ನಾಲ್ಕಾರು ನಡಿಗೆಯಲ್ಲಿ ಪಾದದ ಅಚ್ಚು ಹಿಡಿಯುತ್ತದೆ. ಆದರೆ ಹೀರಿದ ಬೆವರಿನಲ್ಲಿ ನೀರು ಆರಿಹೋದರೂ ಉಪ್ಪು ಉಳಿಯುತ್ತದೆ. ನಮ್ಮ ಘಟ್ಟದಲ್ಲಿ ಅದಕ್ಕೆ ಇನ್ನೊಂದು ಉಪ್ಪೂ ಸೇರುತ್ತದೆ: ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತದಿರಲಿ ಅಂತ ಹಾಕುವುದು. ಸಾಕ್ಸಿನ ಮೇಲೊಂದು ಹಿಡಿ, ಬೂಟಿನ ಬಾಯಿಗೊಂದು ಹಿಡಿ ಪುಡಿಯುಪ್ಪು ಹಾಕಿಯೇ ನಾವು ಕಾಡಿಗಿಳಿಯುವುದು. ಮಳೆ ಬಂದರೆ ಅದು ಕರಗಿ ನೆಟ್ಟಗೆ ಹಿಮ್ಮಡಿಗೆ ಇಳಿಯುತ್ತದೆ. ನಮ್ಮ ಗುಂಪಿನಲ್ಲೊಬ್ಬ ಸುಣ್ಣವನ್ನೂ ಸವರಿಕೊಳ್ಳುತ್ತಾನೆ. ಹಸಿ ತೊಗಲಿನ ಕೂದಲು ಉದುರಿಸಲು ಹದ ಮಾಡುವವರು ಅದನ್ನು ನೆನೆಹಾಕುವುದೇ ಸುಣ್ಣದ ನೀರಿನಲ್ಲಿ. ಅವನ ಬೂಟಿನ ಗತಿ ಅವನಿಗೆ ಬಿಟ್ಟದ್ದು.

ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಹಿಮ್ಮಡಿಯ ಒಳಭಾಗಕ್ಕೆ ಬೆರಳಾಡಿಸಿದರೆ ಹಪ್ಪಳ ಮುಟ್ಟಿದ ಹಾಗಿತ್ತು, ಅಂಚಿನಲ್ಲಿ ಬಿಳಿ ಗೆರೆ. ಒಣಗಿದೆ, ಜಿಡ್ಡು ಬೇಕು ಅಂದುಕೊಂಡೆ. ಚಪ್ಪಲಿ ಕಚ್ಚಿದರೆ ಎಣ್ಣೆ ಹಚ್ಚುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದದ್ದು. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಎರಡೂ ಬೂಟಿನೊಳಗೆ ಧಾರಾಳವಾಗಿ ತಿಕ್ಕಿದೆ. ಒಂದು ವಾರ ಬೆಣ್ಣೆಯಂತಿತ್ತು. ಭಾವನಿಗೆ ಫೋಟೋ ಕೂಡ ಕಳಿಸಿದೆ.

ಆಮೇಲೆ ಶುರುವಾಯಿತು. ಎಣ್ಣೆ ಹಚ್ಚಿದಲ್ಲಿ ನಿಲ್ಲುವ ಜಾತಿಯಲ್ಲ. ಸಾಕ್ಸು ಕಂದಾಯಿತು, ಇನ್‌ಸೋಲ್ ಕಂದಾಯಿತು, ಹಿಮ್ಮಡಿಯ ಹಿಂದಿನ ಮೆತ್ತೆಯೂ ಎಣ್ಣೆ ಕುಡಿಯಿತು. ಬಿಗಿಯಾಗಿ ಕೂತಿದ್ದ ತೊಗಲು ಸಡಿಲವಾಗಿ ಹಿಗ್ಗಿ ಒಂದು ಮಡಿಕೆ ಬಿತ್ತು. ಮಡಿಕೆ ಎಲ್ಲಿ ಕೂತಿದೆ ಅಂತ ನೋಡದೆ ನಾನು ಕುಮಾರಪರ್ವತಕ್ಕೆ ಹೋದೆ. 1712 ಮೀಟರ್ ಎತ್ತರದ ಆ ಶಿಖರ ಹತ್ತುವಾಗ ಏನೂ ಗೊತ್ತಾಗಲಿಲ್ಲ. ಶೇಷಪರ್ವತ ದಾಟಿ ಗಿರಿಗದ್ದೆಗೆ ಇಳಿಯುವಷ್ಟರಲ್ಲಿ ಬಲ ಹಿಮ್ಮಡಿಯಲ್ಲಿ ಕೋಳಿಮೊಟ್ಟೆಯಂಥ ಬೊಬ್ಬೆ. ಬೂಟು ಬಿಚ್ಚಿ ನೋಡಿದರೆ ಮಡಿಕೆಯ ಗುಂಟ ತೊಗಲು ಸೀಳಿತ್ತು. ಉಪ್ಪನ್ನು ತೊಳೆಯದೆ ಮೇಲೆ ಎಣ್ಣೆ ಹಚ್ಚಿದ್ದೆನಲ್ಲ, ಉಪ್ಪು ಎಲ್ಲಿಗೂ ಹೋಗದೆ ಅಲ್ಲೇ ಇತ್ತು.

ಅದೂ ಸಾಲದು ಅಂತ ಸಾಗರದ ಮನೆಯ ಅಟ್ಟದಲ್ಲಿ ಮೂರು ವಾರ ಇಟ್ಟೆ. ತೆಗೆದಾಗ ಒಳಗೆ ಹಸಿರು ಬೂಷ್ಟು, ಕಮಟು ವಾಸನೆ. ಬೆಕ್ಕು ಮೂಸಿ ಹಿಂದೆ ಸರಿಯಿತು. ವಿನೆಗರಿಗೆ ಅಷ್ಟೇ ನೀರು ಬೆರೆಸಿ ಅಂಗಳದಲ್ಲಿ ಕೂತು ಒರೆಸಿದೆ. ಬೂಷ್ಟು ಹೋಯಿತು, ಕಮಟು ಹೋಗಲಿಲ್ಲ. ಜಿಡ್ಡು ತೆಗೆಯಲು ತೊಗಲು ತೊಳೆಯುವ ಸ್ಯಾಡಲ್ ಸೋಪು ತಂದೆ. ಜಿಡ್ಡೇನೋ ತೆಗೆಯಿತು. ಬೂಟಿನ ಮೂತಿಯೊಳಗಿನ ನೊರೆ ತೆಗೆಯುವುದು ಹೇಗೆ ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ.

ಸೀಳಿದಲ್ಲಿ ಬೆಂಗಳೂರಿನ ಚಪ್ಪಲಿ ರಿಪೇರಿಯವರ ಹತ್ತಿರ ತೆಳು ತೊಗಲಿನ ತೇಪೆ ಹಾಕಿಸಿ ಎರಡನೇ ಮಳೆಗಾಲಕ್ಕೆ ಒಂದು ಪರೀಕ್ಷೆ ಇಟ್ಟೆ. ಎಡ ಬೂಟಿನ ಒಳಗೆ ಜೇನುಮೇಣದ ಮುಲಾಮು. ಬಲ ಬೂಟಿಗೆ ಬರೀ ಒದ್ದೆ ಬಟ್ಟೆ, ಸೀಸನ್ನಿನ ಮೊದಲು ಒಮ್ಮೆ ತೊಗಲನ್ನು ಮೆದುವಾಗಿಡುವ, ನೀರಿನಲ್ಲೇ ಕಲಸಿ ಬರುವ ಕಂಡೀಶನರ್. ನಾನು ತಂದದ್ದು ನಿಕ್‌ವ್ಯಾಕ್ಸ್‌ನದು, 125 ಮಿಲಿ.

ಮೇಣದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹೊರಗೆ ಹಚ್ಚಲು ಅದು ಚೆನ್ನ, ಈಗಲೂ ಹಚ್ಚುತ್ತೇನೆ. ಒಳಗೆ ಹಚ್ಚಿದರೆ ತೊಗಲಿನ ಬಾಯಿ ಮುಚ್ಚಿದ ಹಾಗೆ. ಮುಳ್ಳೋಡಿಯಿಂದ ಕುದುರೆಮುಖ ಹತ್ತಿಳಿದ ದಿನ ಮಳೆಯಿರಲಿಲ್ಲ, ಬರೀ ಸೆಖೆ. ಸಂಜೆ ಎಡಗಾಲಿನ ಸಾಕ್ಸು ಹಿಂಡಿದರೆ ನೀರು ಬಂತು, ಬಲಗಾಲಿನದು ತೇವವಷ್ಟೇ. ತೊಗಲಿನ ಒಳಪದರ ಬೇಕೆಂದದ್ದೇ ಬೆವರು ಹೀರಲಿ ಅಂತ. ಅದನ್ನೇ ಮೇಣ ಹಚ್ಚಿ ತಡೆದರೆ ಹಳೇ ಪೊರೆಯ ಬೂಟೇ ವಾಸಿಯಿತ್ತು.

ಬಲ ಬೂಟಿಗೆ ಮಾಡುವುದಿಷ್ಟು. ಟ್ರೆಕ್ ಮುಗಿದ ರಾತ್ರಿಯೇ ಇನ್‌ಸೋಲ್ ಎಳೆದು, ಲೇಸು ಪೂರ್ತಿ ಸಡಿಲಿಸಿ, ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಹತ್ತಿಬಟ್ಟೆಯಿಂದ ಒಳಗೆಲ್ಲ ಒರೆಸುವುದು. ನೀರು ಬದಲಿಸಿ ಇನ್ನೊಮ್ಮೆ, ಇಂಬಳದ ಉಪ್ಪು ಹಾಕಿದ ದಿನ ಮೂರನೇ ಸಲ. ತೊಗಲಿಗೆ ನೀರೇ ಶತ್ರು ಅಂತ ತಿಳಿದಿದ್ದ ನನಗೆ ಮೊದಲ ಸಲ ಕೈ ನಡುಗಿತು. ಕಂಡೀಶನರ್ ಹಚ್ಚುವುದೂ ತೊಗಲು ತೇವವಾಗಿದ್ದಾಗಲೇ, ಹಿಮ್ಮಡಿಗೆ ಮತ್ತು ಬೆರಳ ಬುಡ ಮಡಚುವಲ್ಲಿಗೆ ಮಾತ್ರ, ಎರಡಕ್ಕೂ ಸೇರಿ ಒಂದು ಟೀ ಚಮಚ. ಹೆಚ್ಚು ಹಚ್ಚಿದರೆ ಇದೂ ತೊಗಲನ್ನು ಮೆತ್ತಗೆ ಮಾಡುತ್ತದೆ, ಮತ್ತೆ ಮಡಿಕೆಯ ಕತೆ.

ಕಿರಿಕಿರಿ ಇರುವುದು ಒಣಗಿಸುವುದರಲ್ಲಿ. ಹಳೇ ಪೇಪರ್ ತುರುಕಿ, ಒಂದು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗೆ ಇಡಬೇಕು. ಬೆಂಗಳೂರಿನಲ್ಲಿ ಎರಡು ದಿನ ಸಾಕು. ಸಾಗರದ ಆಷಾಢದಲ್ಲಿ ನಾಲ್ಕು ದಿನಕ್ಕೂ ಮೂತಿಯ ತುದಿ ತಣ್ಣಗೇ ಇರುತ್ತದೆ. ಒಮ್ಮೆ ದೊಡ್ಡಮ್ಮ ನನ್ನ ಪಾಡು ನೋಡಲಾರದೆ ಬೂಟನ್ನು ಬಚ್ಚಲೊಲೆಯ ಕಟ್ಟೆ ಮೇಲಿಟ್ಟಿದ್ದರು. "ಅಡಿಕೆ ಒಣಗ್ತದೆ, ಇದೇನು ಮಹಾ" ಅಂದರು. ಅರ್ಧ ಗಂಟೆಯಲ್ಲಿ ಸಿಕ್ಕಿದ್ದಕ್ಕೆ ಬಚಾವು. ಒದ್ದೆ ತೊಗಲಿಗೆ ಬೆಂಕಿಯ ಕಾವು ತಗುಲಿದರೆ ಮುದುರಿ ಗಡುಸಾಗುತ್ತದೆ, ಆಮೇಲೆ ಯಾವ ಕಂಡೀಶನರೂ ಅದನ್ನು ಎಳೆದು ಸರಿಮಾಡುವುದಿಲ್ಲ.

ನಾನು ವರ್ಷಕ್ಕೆ ನಾಲ್ಕೈದು ಸಲ ಗುಡ್ಡ ಹತ್ತುವವನು, ಬಿಡುವಿರುವುದು ಭಾನುವಾರ ಸಂಜೆ. ನನಗೆ ಒದ್ದೆ ಬಟ್ಟೆ ಹೊಂದುತ್ತದೆ, ಕಂಡೀಶನರ್ ಬಾಟಲಿಯಲ್ಲಿ ಇನ್ನೂ ಬಹುಪಾಲು ಉಳಿದಿದೆ. ಪ್ರತಿ ವಾರ ಹೋಗುವವರಾದರೆ, ಅದರಲ್ಲೂ ಮಲೆನಾಡಿನಲ್ಲೇ ಇರುವವರಾದರೆ, ಬೂಟು ಆರಲು ಪುರುಸೊತ್ತೇ ಸಿಗುವುದಿಲ್ಲ. ಅಂಥವರು ತೊಗಲಿನ ಒಳಪದರದ ಆಸೆ ಬಿಟ್ಟು ಬೇಗ ಒಣಗುವ ಬಟ್ಟೆಯ ಬೂಟು ತಗೊಳ್ಳಲಿ. ಇಂಬಳದ ಉಪ್ಪನ್ನು ಈಗ ಬೂಟಿನೊಳಗೆ ಸುರಿಯುವುದಿಲ್ಲ, ಬಟ್ಟೆಯ ಗಂಟಿನಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಕಚ್ಚಿದಲ್ಲಿಗೆ ಒತ್ತುತ್ತೇನೆ. ಎಡ ಬೂಟಿನ ಮೇಣ ಇನ್ನೂ ಪೂರ್ತಿ ಬಿಟ್ಟಿಲ್ಲ.