ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್: ನೆಟ್ ಇಲ್ಲದಾಗ ಆಪದ್ಬಾಂಧವ, ಆದರೆ ‘ಸೆಲೆಕ್ಟ್ ಆಲ್’ ಒತ್ತಬೇಡಿ

ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದವರಿಗೆ ಈ ಸಂಕಟ ಗೊತ್ತಿರುತ್ತದೆ. ವೈಫೈ ಡ್ರೈವರ್ (ಆ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಸಣ್ಣ ಸಾಫ್ಟ್‌ವೇರ್) ಇಲ್ಲ. ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ ಬರಬೇಕಾದರೆ ವೈಫೈ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕತೆ. ಈಗಿನ ತೆಳ್ಳನೆ ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಕೇಬಲ್ ಚುಚ್ಚೋ ಜಾಗವನ್ನೂ ತೆಗೆದುಬಿಟ್ಟಿದ್ದಾರೆ. ಹಾಗಾಗಿ ಪಕ್ಕದ ಮನೆಯಿಂದ ಕೇಬಲ್ ಎಳೆದು ತಂದರೂ ಉಪಯೋಗವಿಲ್ಲ.

ನಾನು ರಿಪೇರಿ ಅಂಗಡಿಯವನಲ್ಲ. ಆದರೆ ನೆಂಟರ ಪೈಕಿ ‘ಕಂಪ್ಯೂಟರ್ ಗೊತ್ತಿರುವವನು’ ನಾನೊಬ್ಬನೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ, ಅಲ್ಲಿಂದ ಈಚೆಗೆ ಶನಿವಾರ ಬಂತೆಂದರೆ ಯಾರಾದರೂ ಒಂದು ಬ್ಯಾಗ್ ಹಿಡಿದು ಬರುತ್ತಾರೆ. ‘ಸುಮ್ನೆ ಹನ್ನೊಂದು ಹಾಕಿಕೊಡು, ಸ್ಲೋ ಆಗಿದೆ’ ಅನ್ನುತ್ತಾರೆ. ನಮ್ಮ ಮನೆ ಇರೋದು ಸಾಗರ ಪೇಟೆಯಿಂದ ಆಚೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಫೈಬರ್ ನೆಟ್ಟೂ ಹೋಗುತ್ತದೆ, ಟವರ್ ಸಿಗ್ನಲ್ ಅಂಗಳಕ್ಕೆ ಬಂದರೆ ಮಾತ್ರ. ಇಂಥ ಜಾಗದಲ್ಲಿ ಕೂತು ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್ ಅನ್ನೋ ಈ ಉಚಿತ ಸಾಫ್ಟ್‌ವೇರನ್ನು ಬಳಸಿದ್ದೇನೆ. ಬೆಂಗಳೂರಿನಲ್ಲಿ ಎರಡೆರಡು ಕನೆಕ್ಷನ್ ಇಟ್ಟುಕೊಂಡಿರುವವರಿಗೆ ನನ್ನಷ್ಟು ಖುಷಿ ಆಗಲಿಕ್ಕಿಲ್ಲ.

ಕಂಪ್ಯೂಟರಿನಲ್ಲಿ ಯಾವ ಡ್ರೈವರ್ ಇಲ್ಲ ಅಂತ ನೋಡಿ, ತನ್ನ ಸಂಗ್ರಹದಿಂದ ಹುಡುಕಿ ಹಾಕೋದು ಇದರ ಕೆಲಸ. ನನ್ನನ್ನು ಗೆದ್ದದ್ದು ಒಂದೇ ವಿಷಯ. ಇದನ್ನು ಇನ್‌ಸ್ಟಾಲ್ ಮಾಡಬೇಕಿಲ್ಲ, ಪೆನ್‌ಡ್ರೈವಿನಲ್ಲೇ ಇರುತ್ತದೆ, ನೆಟ್ ಇಲ್ಲದೆ ಕೆಲಸ ಮಾಡುತ್ತದೆ. ಮೊದಲ ಸಲ ತೆರೆದಾಗ ಮೂರು ದಾರಿ ಕೇಳುತ್ತದೆ: ಎಲ್ಲ ಡ್ರೈವರ್ ಪ್ಯಾಕ್ (ಡ್ರೈವರುಗಳ ಕಟ್ಟು) ಇಳಿಸಿಕೋ, ನೆಟ್‌ವರ್ಕ್ ಪ್ಯಾಕ್ ಮಾತ್ರ ಇಳಿಸಿಕೋ, ಅಥವಾ ಬರೀ ಇಂಡೆಕ್ಸ್ (ಯಾವ ಪ್ಯಾಕಿನಲ್ಲಿ ಏನಿದೆ ಅನ್ನೋ ಪಟ್ಟಿ) ಇಳಿಸಿಕೋ. ಆ ಮಧ್ಯದ ದಾರಿ ಇಟ್ಟವರಿಗೆ ದೊಡ್ಡ ನಮಸ್ಕಾರ. ಫಾರ್ಮ್ಯಾಟ್ ಮಾಡಿ ಕೂತವನಿಗೆ ಮೊದಲು ಬೇಕಿರೋದು ವೈಫೈ. ಅದೊಂದು ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಅಂತ ಅರ್ಥ ಮಾಡಿಕೊಂಡು ಮಾಡಿದ್ದಾರೆ.

ನಾನು ಮಾತ್ರ ಎಲ್ಲವನ್ನೂ ಇಳಿಸಿಟ್ಟುಕೊಂಡಿದ್ದೇನೆ. ಶಿವಮೊಗ್ಗದಲ್ಲಿ ಅಕ್ಕನ ಮನೆಗೆ ಹೋದಾಗ ರಾತ್ರಿ ಹಚ್ಚಿ ಮಲಗೋದು. ಟೊರೆಂಟ್ (ಬೇರೆ ಬಳಕೆದಾರರ ಕಂಪ್ಯೂಟರುಗಳಿಂದ ತುಂಡು ತುಂಡಾಗಿ ಇಳಿಸಿಕೊಳ್ಳೋ ವಿಧಾನ) ಮೂಲಕ ಇಳಿಯುತ್ತದೆ, ಹತ್ತಾರು ಜಿಬಿ ಇದೆ. ಹಾಸ್ಟೆಲ್, ಆಫೀಸ್ ನೆಟ್‌ನಲ್ಲಿ ಟೊರೆಂಟ್ ತಡೆದಿರುವುದು ಜಾಸ್ತಿ, ಅಲ್ಲಿ ಪ್ರಯತ್ನಿಸಿ ಬೇಜಾರಾಗಬೇಡಿ. ಪೆನ್‌ಡ್ರೈವ್ 128 ಜಿಬಿದೇ ತೆಗೆದುಕೊಳ್ಳಿ. 64ರದ್ದು ಇಕ್ಕಟ್ಟು.

ಇನ್ನು ಶನಿವಾರದ ಪೂಜೆ ಹೇಗೆ ನಡೆಯುತ್ತದೆ ಹೇಳುತ್ತೇನೆ. ವಿಂಡೋಸ್ ಹೊಸದಾಗಿ ಎದ್ದಾಗ ಅಕ್ಷರ ದಪ್ಪ ದಪ್ಪ. ಸ್ಕ್ರೀನ್ ಬೆಳಕು ಪೂರ್ತಿ ಏರಿರುತ್ತದೆ, ಇಳಿಸೋ ಕೀ ಒತ್ತಿದರೆ ಏನೂ ಆಗಲ್ಲ. ವಿಂಡೋಸ್ ಸದ್ಯಕ್ಕೆ ತನ್ನ ಬೇಸಿಕ್ ಡಿಸ್‌ಪ್ಲೇ ಡ್ರೈವರಿನಲ್ಲಿ ಹೇಗೋ ನಡೆಸುತ್ತಿರುತ್ತದೆ. ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸೋ ಕಿಟಕಿ) ತೆರೆದರೆ ‘ಅದರ್ ಡಿವೈಸಸ್’ ಅಡಿಯಲ್ಲಿ ಹಳದಿ ತ್ರಿಕೋನಗಳ ಸಾಲು. ನೆಟ್‌ವರ್ಕ್ ಕಂಟ್ರೋಲರ್. ಎಸ್‌ಎಂ ಬಸ್ ಕಂಟ್ರೋಲರ್. ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್. ಆಮೇಲೆ ಹೆಸರೇ ಇಲ್ಲದ ಒಂದೆರಡು ಅನ್‌ನೋನ್ ಡಿವೈಸ್. ಯಾವುದನ್ನು ತೆರೆದರೂ ಕೋಡ್ 28, ಅಂದರೆ ಡ್ರೈವರ್ ಹಾಕಿಲ್ಲ ಅಂತ.

ಈ ಹೆಸರುಗಳನ್ನು ನೋಡಿ ಹೆದರಬೇಕಿಲ್ಲ. ಎಸ್‌ಎಂ ಬಸ್ ಅಂದರೆ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್ಪುಗಳ) ಡ್ರೈವರ್ ಇಲ್ಲ ಅಂತ. ಸಿಂಪಲ್ ಕಮ್ಯುನಿಕೇಷನ್ಸ್ ಅಂತ ಬಂದರೆ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಅದು ಮ್ಯಾನೇಜ್‌ಮೆಂಟ್ ಎಂಜಿನ್ನು, ಇಂಟೆಲ್ ಚಿಪ್‌ಸೆಟ್ ಒಳಗಿರೋ ಪುಟ್ಟ ಕಂಟ್ರೋಲರ್. ಅನ್‌ನೋನ್ ಅಂತ ಇದ್ದರೆ ಪ್ರಾಪರ್ಟೀಸ್‌ಗೆ ಹೋಗಿ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಪಿಸಿಐ ಸಾಧನವಾದರೆ ‘ವೆನ್’ (VEN) ಅಂತ ಇರುವ ಕಡೆ ಬರೋದೇ ತಯಾರಕರ ಗುರುತು. 10ಇಸಿ ಇದ್ದರೆ ರಿಯಲ್‌ಟೆಕ್, 14ಸಿ3 ಇದ್ದರೆ ಮೀಡಿಯಾಟೆಕ್, 10ಡಿಇ ಇದ್ದರೆ ಎನ್‌ವಿಡಿಯಾ. ಇಂಟೆಲ್‌ದು 8086! 1978ರಲ್ಲಿ ಬಿಟ್ಟ ತಮ್ಮ ಪ್ರೊಸೆಸರಿನ ನಂಬರನ್ನೇ ಮನೆ ನಂಬರ್ ಮಾಡಿಕೊಂಡಿದ್ದಾರೆ. ವಿಟಿಯುನಲ್ಲಿ ಮೈಕ್ರೋಪ್ರೊಸೆಸರ್ ಲ್ಯಾಬ್ ಮಾಡಿದವರಿಗೆ ಆ ನಂಬರ್ ಕಂಡರೆ ಈಗಲೂ ವೈವಾ ನೆನಪಾಗುತ್ತದೆ, ಅಲ್ವಾ?

ಪೆನ್‌ಡ್ರೈವ್ ಚುಚ್ಚಿ ಸ್ನ್ಯಾಪಿ ತೆರೆಯುತ್ತೇನೆ. ಹೊಸ ಪ್ಯಾಕ್ ಹಾಕಿದ ಮೇಲಿನ ಮೊದಲ ಸಲ ಇಂಡೆಕ್ಸ್ ಮಾಡಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತದೆ. ನಂತರ ಪಟ್ಟಿ ಬರುತ್ತದೆ. ಯಾವುದರ ಮೇಲೆ ಮೌಸ್ ಇಟ್ಟರೂ ಎಡಕ್ಕೆ ಈಗಿರುವ ಡ್ರೈವರ್, ಬಲಕ್ಕೆ ತನ್ನ ಹತ್ತಿರ ಇರುವ ಡ್ರೈವರ್ ಅಂತ ತಾರೀಖು, ಆವೃತ್ತಿ, ಐಡಿ ಎಲ್ಲ ಪಕ್ಕಪಕ್ಕ ತೋರಿಸುತ್ತದೆ. ಮುಚ್ಚುಮರೆ ಇಲ್ಲ. ನಾನು ವೈಫೈ ಒಂದಕ್ಕೆ ಟಿಕ್ ಹಾಕಿ, ರಿಸ್ಟೋರ್ ಪಾಯಿಂಟ್‌ಗೂ (ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು) ಟಿಕ್ ಹಾಕಿ, ಇನ್‌ಸ್ಟಾಲ್ ಒತ್ತುತ್ತೇನೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮೂಲೆಯಲ್ಲಿದ್ದ ಗೋಳ ಮಾಯವಾಗಿ ವೈಫೈ ಪಟ್ಟೆಗಳು ಬರುತ್ತವೆ. ಎಷ್ಟು ಸಲ ನೋಡಿದರೂ ಆ ಗಳಿಗೆಯಲ್ಲಿ ಒಂದು ಸಣ್ಣ ಸಂತೋಷ ಇದ್ದೇ ಇದೆ.

ಜಾಹೀರಾತಿಲ್ಲ, ದುಡ್ಡು ಕೇಳಲ್ಲ, ಸೋರ್ಸ್ ಕೋಡ್ ತೆರೆದಿಟ್ಟಿದ್ದಾರೆ. ‘ಡ್ರೈವರ್ ಅಪ್‌ಡೇಟ್’ ಅಂತ ಹುಡುಕಿದರೆ ಮೇಲೆ ಬರುವ ಸಾಫ್ಟ್‌ವೇರುಗಳ ಹಣೆಬರಹ ನೋಡಿದ್ದೀರಲ್ಲ? ಸ್ಕ್ಯಾನ್ ಉಚಿತ. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಅಂತ ಕೆಂಪಕ್ಷರ ಉಚಿತ. ಸರಿ ಮಾಡಬೇಕು ಅಂದರೆ ವರ್ಷದ ಚಂದಾ ಕಟ್ಟಬೇಕು. ವರ್ಷಕ್ಕೊಮ್ಮೆ ಬೇಕಾಗೋ ಕೆಲಸಕ್ಕೆ ಚಂದಾ ಯಾಕೆ ಅನ್ನೋದು ನನ್ನ ಪ್ರಶ್ನೆ.

ಇಲ್ಲಿವರೆಗೆ ಹೊಗಳಿದ್ದಾಯ್ತು. ಈಗ ಇನ್ನೊಂದು ಮುಖ.

ಇದರ ಪರದೆ ಚೆನ್ನಾಗಿಲ್ಲ. ಹಳೇ ಕಾಲದ ನೋಟ, ಸಣ್ಣ ಅಕ್ಷರ, ಒತ್ತೊತ್ತಾಗಿ ಜೋಡಿಸಿದ ಗುಂಡಿಗಳು. ಅದನ್ನು ಹೇಗೋ ಸಹಿಸಬಹುದು. ನನಗೆ ತಲೆನೋವು ‘ಸೆಲೆಕ್ಟ್ ಆಲ್’. ಈ ಪಟ್ಟಿಯಲ್ಲಿ ಇಲ್ಲದ ಡ್ರೈವರುಗಳ ಜೊತೆಗೆ, ಈಗಾಗಲೇ ಸರಿಯಾಗಿ ಕೆಲಸ ಮಾಡುತ್ತಿರುವ ಸಾಧನಗಳಿಗೂ ‘ಇದಕ್ಕಿಂತ ಹೊಸದಿದೆ, ಇದಕ್ಕಿಂತ ಒಳ್ಳೇದಿದೆ’ ಅಂತ ಬರುತ್ತದೆ. ಇದು ಲೆಕ್ಕ ಹಾಕೋದು ಐಡಿ ಹೊಂದಿಕೆ, ತಾರೀಖು, ಆವೃತ್ತಿ ನೋಡಿಕೊಂಡು. ನಿಮ್ಮ ಲ್ಯಾಪ್‌ಟಾಪ್ ಕಂಪನಿ ಆ ಚಿಪ್ಪಿಗೆ ಏನೇನು ಒಗ್ಗರಣೆ ಹಾಕಿದೆ ಅನ್ನೋದು ಅದಕ್ಕೆ ಗೊತ್ತಾಗಬೇಕಲ್ಲ?

ಧ್ವನಿಯದ್ದೇ ನೋಡಿ. ರಿಯಲ್‌ಟೆಕ್ ಆಡಿಯೋ ಈಗ ಒಂದೇ ಫೈಲಲ್ಲ. ಮೂಲ ಡ್ರೈವರ್ ಒಂದು, ಲ್ಯಾಪ್‌ಟಾಪ್ ಕಂಪನಿ ತನ್ನ ಸ್ಪೀಕರ್, ಮೈಕಿಗೆ ತಕ್ಕಂತೆ ಸೇರಿಸಿದ ಎಕ್ಸ್‌ಟೆನ್ಷನ್ ಇನ್ನೊಂದು, ಕಂಟ್ರೋಲ್ ಮಾಡೋ ಆ್ಯಪ್ ಮೈಕ್ರೋಸಾಫ್ಟ್ ಸ್ಟೋರಿನಿಂದ ಬರೋದು ಮತ್ತೊಂದು. ಮೂಲವನ್ನು ಮಾತ್ರ ಬದಲಿಸಿದರೆ ಶಬ್ದ ಬರುತ್ತದೆ, ಆದರೆ ಸ್ಪೀಕರ್ ತೆಳ್ಳಗಾಗಬಹುದು, ಹೆಡ್‌ಫೋನ್ ಚುಚ್ಚಿದ್ದು ಗೊತ್ತಾಗದೇ ಇರಬಹುದು. ಟಚ್‌ಪ್ಯಾಡ್, ಎಫ್‌ಎನ್ ಕೀಗಳದ್ದೂ ಅದೇ ಹಾಡು. ನಡೆಯುತ್ತಿರೋದನ್ನು ನಡೆಯಲು ಬಿಡಬೇಕು. ನನ್ನ ಪ್ರಕಾರ ಈ ಸಾಫ್ಟ್‌ವೇರ್ ತೆರೆದ ಕೂಡಲೇ ‘ಇಲ್ಲದ ಡ್ರೈವರ್ ಮಾತ್ರ’ ತೋರಿಸಬೇಕಿತ್ತು. ಉಳಿದದ್ದನ್ನು ಬೇಕಾದವರು ಕೇಳಿ ಪಡೆಯಲಿ. ಫಿಲ್ಟರ್ ಇದೆ ನಿಜ, ಆದರೆ ಅದು ಎಕ್ಸ್‌ಪರ್ಟ್ ಮೋಡ್ ಒಳಗೆ ಅಡಗಿ ಕೂತಿದೆ. ಹೊಸಬರು ಅಲ್ಲಿಗೆ ಹೋಗೋದೇ ಇಲ್ಲ. ಅವರ ಕಣ್ಣಿಗೆ ಬೀಳೋದು ಸೆಲೆಕ್ಟ್ ಆಲ್.

ಹಾಗಾಗಿ ನನ್ನ ಕ್ರಮ ಹೀಗಿದೆ. ಸ್ನ್ಯಾಪಿಯಿಂದ ವೈಫೈ ಮಾತ್ರ ಹಾಕುತ್ತೇನೆ. ಆಮೇಲೆ ವಿಂಡೋಸ್ ಅಪ್‌ಡೇಟ್‌ಗೆ ಬಿಡುತ್ತೇನೆ. ಅಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಆಪ್ಷನಲ್ ಅಪ್‌ಡೇಟ್ಸ್ ಅಂತ ಇದೆ, ಬಹಳ ಜನ ಅದನ್ನು ನೋಡೋದೇ ಇಲ್ಲ. ಕಾಣೆಯಾದ ಅರ್ಧಕ್ಕರ್ಧ ಡ್ರೈವರುಗಳು ಅಲ್ಲೇ ಕೂತಿರುತ್ತವೆ. ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ನೋಡಬೇಕು, ಯಾಕೆಂದರೆ ಕೆಲವು ಸಾಧನಗಳು ಇನ್ನೊಂದರ ಬೆನ್ನ ಹಿಂದೆ ನಿಂತಿರುತ್ತವೆ. ಇಂಟೆಲ್ ಲ್ಯಾಪ್‌ಟಾಪಿನ ಎಷ್ಟೋ ಟಚ್‌ಪ್ಯಾಡುಗಳು ಸೀರಿಯಲ್ ಐಓ ಅನ್ನೋ ಕಂಟ್ರೋಲರ್ ಮೂಲಕ ಬರುತ್ತವೆ. ಆ ಡ್ರೈವರ್ ಬರುವ ತನಕ ಟಚ್‌ಪ್ಯಾಡ್ ಇದೆ ಅಂತಲೇ ವಿಂಡೋಸಿಗೆ ಗೊತ್ತಿರಲ್ಲ. ಜನ ಟಚ್‌ಪ್ಯಾಡ್ ಡ್ರೈವರ್ ಹುಡುಕಿ ಹುಡುಕಿ ಸಾಯುತ್ತಾರೆ, ಬೇಕಿದ್ದದ್ದು ಇನ್ನೊಂದು. ಹತ್ತು ರೂಪಾಯಿ ಉಳಿಸೋಕೆ ಹೋಗಬೇಡಿ, ಫಾರ್ಮ್ಯಾಟ್ ಮಾಡುವಾಗ ಒಂದು ಯುಎಸ್‌ಬಿ ಮೌಸ್ ಹತ್ತಿರ ಇಟ್ಟುಕೊಳ್ಳಿ. ಆಡಿಯೋ ಕೂಡ ಹೀಗೇ. ಕೆಲವು ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ಸ್ಮಾರ್ಟ್ ಸೌಂಡ್ ಅನ್ನೋ ಡ್ರೈವರ್ ಬಂದ ಮೇಲೇ ರಿಯಲ್‌ಟೆಕ್ ಮುಖ ತೋರಿಸೋದು.

ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ಪುಟ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮನೆಗೆ ಬಂದ ಒಂದು ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಹಾಕಿದರೆ ವಿಂಡೋಸ್ 11ಕ್ಕೆ ಖಾಲಿ ಪಟ್ಟಿ. ಪ್ರೊಸೆಸರ್ ಎಂಟನೇ ತಲೆಮಾರಿನದು, ಮೈಕ್ರೋಸಾಫ್ಟ್ ಅದನ್ನು ಒಪ್ಪುತ್ತದೆ, ಮಾರಿದವರಿಗೆ ಮಾತ್ರ ನೆನಪಿಲ್ಲ. ಅಲ್ಲಿ ವಿಂಡೋಸ್ 10, 64 ಬಿಟ್ ಅಂತ ಆರಿಸಿ ಇಳಿಸಿಕೊಳ್ಳಿ. ಬಹುತೇಕ ಹನ್ನೊಂದರಲ್ಲೂ ಕೂರುತ್ತವೆ.

ಇಷ್ಟಾದ ಮೇಲೂ ತ್ರಿಕೋನ ಉಳಿದರೆ ಮತ್ತೆ ಸ್ನ್ಯಾಪಿಗೆ ಬರುತ್ತೇನೆ. ಈ ಎರಡನೇ ಭೇಟಿಯಲ್ಲಿ ಅದರ ಮೇಲಿನ ಮುನಿಸು ಕರಗುತ್ತದೆ. ಕಾರ್ಡ್ ರೀಡರ್, ಹಳೇ ಬ್ಲೂಟೂತ್, ‘ಬೇಸ್ ಸಿಸ್ಟಂ ಡಿವೈಸ್’ ಅನ್ನೋ ಅನಾಥಗಳನ್ನೆಲ್ಲ ಎಲ್ಲಿಂದಲೋ ಹುಡುಕಿ ತರುತ್ತದೆ. ಕಂಪನಿ ಕೈಬಿಟ್ಟ ಯಂತ್ರಕ್ಕೆ ಇಷ್ಟು ಮಾಡೋರು ಯಾರಿದ್ದಾರೆ?

ಪೆನ್‌ಡ್ರೈವ್ ಇಲ್ಲದವರಿಗೆ ಒಂದು ದಾರಿ ಇದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆಥರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಹಂಚೋದು) ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸಿನಲ್ಲೇ ಇದೆ. ಫೋನ್ ಮನೆಯ ವೈಫೈನಲ್ಲಿದ್ದರೆ ಅದೇ ವೈಫೈ ಲ್ಯಾಪ್‌ಟಾಪಿಗೂ ಹರಿಯುತ್ತದೆ, ಮೊಬೈಲ್ ಡೇಟಾ ಖರ್ಚಾಗಲ್ಲ. ಐಫೋನ್ ಇದ್ದರೆ ಈ ಆಟ ನಡೆಯಲ್ಲ, ಅದಕ್ಕೆ ಆಪಲ್‌ನದೇ ಡ್ರೈವರ್ ಬೇಕು. ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದಾದರೂ ನಡೆಯಲ್ಲ.

ಸ್ನ್ಯಾಪಿಯೇ ಬೇಡ ಅನ್ನುವವರಿಗೆ ಎಲ್ಲಕ್ಕಿಂತ ಸುಲಭದ ಉಪಾಯ ಫಾರ್ಮ್ಯಾಟ್‌ಗೆ ಮುಂಚೆ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪಿಎನ್‌ಪಿಯುಟಿಲ್ ಕಮಾಂಡಿಗೆ ಎಕ್ಸ್‌ಪೋರ್ಟ್-ಡ್ರೈವರ್ ಸ್ವಿಚ್, ಒಂದು ನಕ್ಷತ್ರ ಚಿಹ್ನೆ, ಪೆನ್‌ಡ್ರೈವಿನ ಫೋಲ್ಡರ್ ಹೆಸರು ಕೊಟ್ಟರೆ ಆಯ್ತು (pnputil /export-driver * E:\drivers ಅನ್ನೋ ಥರ). ವಿಂಡೋಸಿನ ಜೊತೆ ಬಂದದ್ದನ್ನು ಬಿಟ್ಟು, ಹೊರಗಿನಿಂದ ಹಾಕಿದ ಎಲ್ಲ ಡ್ರೈವರ್ ಅಲ್ಲಿಗೆ ನಕಲಾಗುತ್ತವೆ. ಹೊಸ ವಿಂಡೋಸ್ ಬಂದ ಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ತ್ರಿಕೋನದ ಮೇಲೆ ರೈಟ್ ಕ್ಲಿಕ್ ಮಾಡಿ, ಅಪ್‌ಡೇಟ್ ಡ್ರೈವರ್ ಅಂತ ಹೇಳಿ ಆ ಫೋಲ್ಡರ್ ತೋರಿಸಿದರೆ ತಾನೇ ಹುಡುಕಿಕೊಳ್ಳುತ್ತದೆ. ಇದು ಕಂಪನಿಯ ಒಗ್ಗರಣೆ ಸಮೇತ ಇರುವ ಅಸಲಿ ಡ್ರೈವರ್. ಬ್ಯಾಗ್ ತಂದವರ ಲ್ಯಾಪ್‌ಟಾಪ್ ಇನ್ನೂ ಬೂಟ್ ಆಗುತ್ತಿದ್ದರೆ ನಾನು ಮೊದಲು ಮಾಡೋದು ಇದನ್ನೇ. ಸ್ನ್ಯಾಪಿ ಬೇಕಾಗೋದು ಬೂಟೇ ಆಗದೆ ಬಂದವಕ್ಕೆ.

ಸ್ನ್ಯಾಪಿ ಕೈಹಿಡಿಯದ ಒಂದು ಜಾಗ ಹೇಳಿಬಿಡುತ್ತೇನೆ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಸೆಟಪ್ ನಡೆಯುವಾಗಲೇ ಡಿಸ್ಕ್ ಕಾಣಲ್ಲ. ಎಸ್‌ಎಸ್‌ಡಿ ಸುಟ್ಟುಹೋಗಿದೆ ಅಂತ ಎದೆ ಧಸಕ್ ಅನ್ನುತ್ತದೆ. ಸುಟ್ಟಿಲ್ಲ, ವಿಎಂಡಿ (ಡಿಸ್ಕನ್ನು ಇಂಟೆಲ್‌ನದೇ ಕಂಟ್ರೋಲರ್ ಮೂಲಕ ನಡೆಸೋ ವ್ಯವಸ್ಥೆ) ಆನ್ ಇದೆ ಅಷ್ಟೇ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಚ್ಚಿ ಪೆನ್‌ಡ್ರೈವಿಗೆ ಹಾಕಿ, ಸೆಟಪ್‌ನಲ್ಲಿ ಲೋಡ್ ಡ್ರೈವರ್ ಒತ್ತಿ ತೋರಿಸಬೇಕು. ಇಲ್ಲವೇ ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮುಂಚೆ ತೆರೆಯೋ ಸೆಟ್ಟಿಂಗ್ಸ್) ವಿಎಂಡಿ ಆಫ್ ಮಾಡಬೇಕು, ಡಿಸ್ಕ್ ಪೂರ್ತಿ ಅಳಿಸಿ ಹಾಕುತ್ತಿದ್ದರೆ ಮಾತ್ರ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಆ ಸೆಲೆಕ್ಟ್ ಆಲ್‌ದು. ಇಳಿಸಿಕೊಳ್ಳುವಾಗ ಹೆಸರಿನ ಕೊನೆಗೆ ‘ಒರಿಜಿನ್’ ಇರೋದನ್ನು ನೋಡಿಕೊಳ್ಳಿ, ಇದೇ ಹೆಸರಿನ ಬೇರೆ ಆವೃತ್ತಿಯೂ ಇದೆ. ಫ್ರೆಶ್ ವಿಂಡೋಸಿನಲ್ಲಿ ಸಿಸ್ಟಂ ಪ್ರೊಟೆಕ್ಷನ್ ಆಫ್ ಇರೋದುಂಟು. ಅದು ಆಫ್ ಇದ್ದರೆ ರಿಸ್ಟೋರ್ ಪಾಯಿಂಟ್ ಆಗಲ್ಲ, ಆನ್ ಮಾಡಿಯೇ ಶುರು ಮಾಡಿ.

ಚಿಕ್ಕಪ್ಪನ ಲ್ಯಾಪ್‌ಟಾಪಿನ ಫಿಂಗರ್‌ಪ್ರಿಂಟ್ ರೀಡರಿಗೆ ಮಾತ್ರ ಎಲ್ಲೂ ಡ್ರೈವರ್ ಸಿಕ್ಕಿಲ್ಲ. ಇವು ಕಂಪನಿಗೆ, ಮಾಡೆಲ್ಲಿಗೆ ಅಂಟಿಕೊಂಡೇ ಇರುತ್ತವೆ. ಡಿಸೇಬಲ್ ಮಾಡಿಟ್ಟಿದ್ದೇನೆ. ಅವರು ಪಿನ್ ಹಾಕಿ ಒಳಗೆ ಹೋಗುತ್ತಾರೆ, ಬೆರಳಿಟ್ಟರೆ ತೆರೆಯುತ್ತಿತ್ತು ಅನ್ನೋದೇ ಅವರಿಗೆ ಗೊತ್ತಿರಲಿಲ್ಲವಂತೆ.