ಗಾಡಿಯ ಎತ್ತರ ಬದಲಿಸದೆ ಹೊಸ ಶಾಕ್ ಅಬ್ಸಾರ್ಬರ್: ಕಂಪನಿಯದಾ, ಮೋನೋಟ್ಯೂಬಾ?

ಮಲೆನಾಡಿನ ಎಸ್ಟೇಟ್ ದಾರಿಯಲ್ಲಿ ಓಡುವ ಥಾರ್‌ನಂಥ ಗಾಡಿಯ ಶಾಕ್ ಬೇಗ ಸವೆಯುತ್ತದೆ. ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಅದರ ಕಥೆ ಮುಗಿಯಿತು ಅಂತಲೇ ಲೆಕ್ಕ. ಶಾಕ್ ಬದಲಿಸಲು ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಬೇಕಿಲ್ಲ. ಎತ್ತರ ಹಿಡಿದಿಡುವುದು ಸ್ಪ್ರಿಂಗ್. ಶಾಕ್ ಅದರ ಕುಣಿತ ತಡೆಯುತ್ತದೆ, ಅಷ್ಟೆ.

ಗಾಡಿಯ ಜೊತೆಗೇ ಬರುವ ಕಂಪನಿ ಶಾಕ್ ಸಾಮಾನ್ಯವಾಗಿ ಎರಡು ಕೊಳವೆಯದು. ಬೆಲೆ ಕಡಿಮೆ, ಸವಾರಿ ಮೆತ್ತಗೆ. ಆದರೆ ಕಲ್ಲುದಾರಿಯಲ್ಲಿ ತುಂಬ ಹೊತ್ತು ಓಡಿಸಿದರೆ ಎಣ್ಣೆ ಬಿಸಿಯಾಗಿ ನೊರೆಗಟ್ಟುತ್ತದೆ, ಗಾಡಿ ತೇಲಾಡುತ್ತದೆ.

ಮೋನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಗ್ಯಾಸ್ ಮತ್ತು ಎಣ್ಣೆಯ ನಡುವೆ ತೇಲುವ ಪಿಸ್ಟನ್ ಇರುವುದರಿಂದ ಎರಡೂ ಬೆರೆಯುವುದಿಲ್ಲ, ಬಿಸಿಯೂ ಬೇಗ ಹೊರಹೋಗುತ್ತದೆ. ಬಿಲ್‌ಸ್ಟೀನ್ ಬಿ6 ಎಂಬ ಶಾಕ್ ಈ ಜಾತಿಯದು, ಮೂಲ ಎತ್ತರಕ್ಕೇ ಮಾಡಿದ್ದು. ಬೆಲೆ ಜಾಸ್ತಿ, ಸವಾರಿ ಸ್ವಲ್ಪ ಗಟ್ಟಿ. ಕಲ್ಲು ಬಡಿದು ಕೊಳವೆ ತಗ್ಗಾದರೆ ಒಳಗಿನ ಪಿಸ್ಟನ್ ಸಿಕ್ಕಿಕೊಳ್ಳಬಹುದು.

ವಾರಕ್ಕೊಮ್ಮೆ ತೋಟಕ್ಕೆ ಹೋಗಿಬರುವವರಿಗೆ ಕಂಪನಿಯದೇ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ದಿನವೂ ಲೋಡ್ ಹೊತ್ತು ಕಚ್ಚಾ ದಾರಿ ತುಳಿಯುವ ಗಾಡಿಗೆ ನಾನು ಮೋನೋಟ್ಯೂಬನ್ನೇ ಹೇಳುತ್ತೇನೆ, ಮೂಲ ಅಳತೆಯದು ಸಿಕ್ಕರೆ.

ಯಾವುದೇ ಆದರೂ ಎಡ-ಬಲ ಜೊತೆಯಾಗಿ ಬದಲಿಸಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನೋಡಿ: ಒಂದು ಬದಿ ಕುಸಿದಿದ್ದರೆ ಸ್ಪ್ರಿಂಗೂ ಸೋತಿರಬಹುದು. ಶಾಕ್ ತುದಿಯ ರಬ್ಬರ್ ಬುಷ್‌ನ ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಪೂರ್ತಿ ಬಿಗಿಸಲು ಹೇಳಿ. ಜಾಕ್ ಮೇಲೆ ಬಿಗಿಸಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.