ಪ್ಲಾಸ್ಮಿಡ್ ಮಿನಿಪ್ರೆಪ್ ಕಿಟ್: ಕೊಟ್ಟಿಗೆ, ಕೋಳಿಫಾರಂ ಬ್ಯಾಕ್ಟೀರಿಯಾಕ್ಕೆ ಎಷ್ಟರ ಮಟ್ಟಿಗೆ ಸಾಕು?

ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾದೊಳಗೆ ಕ್ರೋಮೋಸೋಮ್‌ನಿಂದ ಬೇರೆಯಾಗಿರುವ ಡಿಎನ್‌ಎ ಉಂಗುರ. ಅದನ್ನು ಸಣ್ಣ ಪ್ರಮಾಣದಲ್ಲಿ ಬೇರ್ಪಡಿಸುವ, ಸಿಲಿಕಾ ಕಾಲಮ್ (ಡಿಎನ್‌ಎ ಹಿಡಿದಿಡುವ ಪುಟ್ಟ ನಳಿಗೆ) ಇರುವ ಮಿನಿಪ್ರೆಪ್ ಕಿಟ್ ಮೂಲತಃ ಕ್ಲೋನಿಂಗ್ (ಜೀನ್ ಪ್ರತಿ ಮಾಡುವ) ಕೆಲಸದ ಸಾಮಾನು. ದನ, ಎಮ್ಮೆ, ಕೋಳಿಗಳ ಬ್ಯಾಕ್ಟೀರಿಯಾದಲ್ಲಿ ಯಾವ ಯಾವ ಪ್ಲಾಸ್ಮಿಡ್ ಇವೆ ಎಂದು ತಿಳಿಯಲು ಇದೊಂದನ್ನೇ ನಂಬಿದರೆ ಸಣ್ಣವು ಸಿಗುತ್ತವೆ, ದೊಡ್ಡವು ಕೈತಪ್ಪುತ್ತವೆ. ಆ್ಯಂಟಿಬಯಾಟಿಕ್‌ಗೆ ಬಗ್ಗದಂತೆ ಮಾಡುವ ಮುಖ್ಯ ಜೀನ್‌ಗಳು ಹೆಚ್ಚಾಗಿ ಕೂತಿರುವುದು ಆ ದೊಡ್ಡವುಗಳ ಮೇಲೆಯೇ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಈ ಕೆಲಸಕ್ಕೆ ಕೈಹಾಕುವವರು ಕಿಟ್ ತರಿಸುವ ಮೊದಲು ಇದನ್ನು ತಿಳಿದಿರಬೇಕು.

ಸಗಣಿಯನ್ನೋ ಕೋಳಿಗೊಬ್ಬರವನ್ನೋ ನೇರವಾಗಿ ಕಿಟ್‌ಗೆ ಹಾಕುವಂತಿಲ್ಲ. ಮೊದಲು ಕರುಳಿನ ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಅಗಾರ್‌ನಲ್ಲಿ, ಬೇಕಿದ್ದರೆ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಸೆಫೊಟ್ಯಾಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಸೇರಿಸಿ, ಒಂಟಿ ಕಾಲೊನಿ ಪಡೆಯಬೇಕು. ನಂತರದ ಬ್ರಾತ್‌ನಲ್ಲೂ (ದ್ರವ ಆಹಾರ) ಅದೇ ಔಷಧ ಇರಲಿ. ಔಷಧದ ಒತ್ತಡವಿಲ್ಲದೆ ಮತ್ತೆ ಮತ್ತೆ ಬೆಳೆಸಿದರೆ ಕೆಲವು ಪ್ಲಾಸ್ಮಿಡ್ ಕಳೆದುಹೋಗುತ್ತವೆ. ಮೊದಲ ದಿನವೇ ಒಂದು ಪಾಲನ್ನು ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಇಟ್ಟುಬಿಡಿ.

ಕಿಟ್‌ನ ಕ್ರಮ ಸರಳ. 12ರಿಂದ 16 ಗಂಟೆ ಬೆಳೆದ 1–5 ಮಿಲಿ ಕಲ್ಚರಿನ ಪೆಲೆಟ್‌ಗೆ (ತಳದಲ್ಲಿ ಕೂತ ಕೋಶಗಳ ಗಟ್ಟಿ) ಆರ್‌ಎನ್‌ಏಸ್ ಎಂಬ ಆರ್‌ಎನ್‌ಎ ಕತ್ತರಿಸುವ ಕಿಣ್ವ ಇರುವ ಮೊದಲ ಬಫರ್ 250 ಮೈಕ್ರೋಲೀಟರ್, ಕೋಶ ಒಡೆಯುವ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಎಸ್‌ಡಿಎಸ್ (ಸೋಪಿನಂಥ ರಾಸಾಯನಿಕ) ಇರುವ ಎರಡನೆಯದು 250, ತಟಸ್ಥಗೊಳಿಸುವ ಮೂರನೆಯದು 350. ಹತ್ತು ನಿಮಿಷ 13,000 ಆರ್‌ಪಿಎಂ ತಿರುಗಿಸಿ, ತಿಳಿಯನ್ನು ಕಾಲಮ್‌ಗೆ ಹಾಕಿ, ತೊಳೆದು, 50 ಮೈಕ್ರೋಲೀಟರ್ ಟ್ರಿಸ್ ಬಫರಿನಲ್ಲಿ ಇಳಿಸುವುದು. ಕಂಪನಿ ಕಂಪನಿಗೆ ಅಳತೆ ಸ್ವಲ್ಪ ಬದಲಾದೀತು.

ಕೆಡುವುದು ಎರಡನೇ ಬಫರಿನಲ್ಲಿ. ಅದು ಸೇರಿದ ಮೇಲೆ 5 ನಿಮಿಷ ಮೀರಬಾರದು, ವರ್ಟೆಕ್ಸ್ ಮಾಡಬಾರದು. ನಾಲ್ಕಾರು ಬಾರಿ ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು. ಜೋರಾಗಿ ಅಲುಗಿಸಿದರೆ ಕ್ರೋಮೋಸೋಮ್ ತುಂಡಾಗಿ ಜೆಲ್ ತುಂಬ ಮಸುಕು ಬರುತ್ತದೆ. ಕರೆಂಟ್ ಹೋಗುವ ಸೂಚನೆ ಇದ್ದರೂ ಮೂರನೇ ಬಫರ್ ಹಾಕಿ ಮುಗಿಸಿಯೇ ಕಾಯಿರಿ. ಬೀದರಿನ ಚಳಿಗಾಲದ ಬೆಳಗ್ಗೆ ಎರಡನೇ ಬಫರಿನ ಬಾಟಲಿಯಲ್ಲಿ ಎಸ್‌ಡಿಎಸ್ ಬಿಳಿಯಾಗಿ ಗಟ್ಟಿಯಾಗಬಹುದು. 37 ಡಿಗ್ರಿಯಲ್ಲಿ ಇಟ್ಟು ತಿಳಿಯಾದ ಮೇಲೆ ಬಳಸಿ. ಮುಚ್ಚಳ ಸಡಿಲವಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಷಾರ ಸಪ್ಪೆಯಾಗುತ್ತದೆ. ಕಲಬುರಗಿಯ ಮೇ ಬಿಸಿಲಿನದು ಬೇರೆ ಸಮಸ್ಯೆ: ತೊಳೆಯುವ ಬಫರಿನ ಎಥನಾಲ್ ಹಾರಿ, ಅದರ ಪ್ರಮಾಣ ಇಳಿದು, ಡಿಎನ್‌ಎ ಕಾಲಮ್‌ನಿಂದ ತೊಳೆದೇ ಹೋಗುತ್ತದೆ.

ಎಂಡ್-ಎ ಕಿಣ್ವಕ್ಕೆಂದು ಇರುವ ಹೆಚ್ಚುವರಿ ತೊಳೆತವನ್ನು ಐಚ್ಛಿಕ ಎಂದು ಬರೆದಿರುತ್ತಾರೆ. ಸಗಣಿಯ ಇ. ಕೋಲೈಗೆ ಅದು ಕಡ್ಡಾಯ. ಡಿಎಚ್5-ಆಲ್ಫಾದಂಥ ಲ್ಯಾಬ್ ತಳಿಯಲ್ಲಿ ಡಿಎನ್‌ಎ ಕತ್ತರಿಸುವ ಈ ಕಿಣ್ವ ನಿಷ್ಕ್ರಿಯ, ಕೊಟ್ಟಿಗೆಯಿಂದ ಬಂದದ್ದರಲ್ಲಿ ಹಾಗಲ್ಲ. ಕೆಚ್ಚಲುಬಾವಿನ ಸ್ಟ್ಯಾಫಿಲೊಕಾಕಸ್ ಆದರೆ ಎರಡನೇ ಬಫರಿಗೆ ಒಡೆಯುವುದೇ ಇಲ್ಲ. ಮೊದಲ ಬಫರಿಗೆ ಲೈಸೊಸ್ಟ್ಯಾಫಿನ್ ಸೇರಿಸಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬೇಕು. ಆರ್‌ಎನ್‌ಏಸ್ ಬಿಸಿಲಿಗೆ ಹೆದರುವ ಕಿಣ್ವವಲ್ಲ, ಲೈಸೊಸ್ಟ್ಯಾಫಿನ್ ಮಾತ್ರ ಐಸ್‌ನಲ್ಲೇ ಬರಲಿ.

ಈಗ ಮುಖ್ಯ ಕೊರತೆ. ಕೋಲ್ ಬಗೆಯ ಪುಟ್ಟ ಪ್ಲಾಸ್ಮಿಡ್‌ಗಳು ಒಂದು ಕೋಶದಲ್ಲಿ ಹತ್ತಾರು ಪ್ರತಿ ಇರುತ್ತವೆ, ಸುಲಭವಾಗಿ ಬರುತ್ತವೆ. ಇಂಕ್-ಎಫ್, ಇಂಕ್-ಐ1, ಇಂಕ್-ಎಚ್‌ಐ2 ಬಗೆಯವು (‘ಇಂಕ್’ ಎಂಬುದು ಪ್ಲಾಸ್ಮಿಡ್ ಗುಂಪುಗಳ ಹೆಸರು) ಒಂದೆರಡು ಪ್ರತಿ ಮಾತ್ರ. ಎಚ್‌ಐ2 ಅಂತೂ 200 ಕಿಲೋಬೇಸ್ (ಎರಡು ಲಕ್ಷ ಡಿಎನ್‌ಎ ಅಕ್ಷರ) ದಾಟುತ್ತದೆ. ಅಷ್ಟು ದೊಡ್ಡದು ಕಾಲಮ್‌ನಲ್ಲಿ ತುಂಡಾಗುತ್ತದೆ, ಇಲ್ಲವೇ ಸಿಲಿಕಾಕ್ಕೆ ಅಂಟಿ ಇಳಿಯುವುದಿಲ್ಲ. ಕಲ್ಚರ್ 10 ಮಿಲಿಗೆ ಏರಿಸಿ, ಮೂರೂ ಬಫರ್ ಎರಡು ಪಟ್ಟು ಮಾಡಿ, 70 ಡಿಗ್ರಿ ಬಿಸಿ ಟ್ರಿಸ್‌ನಲ್ಲಿ ಇಳಿಸಿದರೆ ಇಳುವರಿ ಸುಧಾರಿಸುತ್ತದೆ. 50 ಕಿಲೋಬೇಸ್ ಮೀರಿದ ಮೇಲೆ ಅದನ್ನೂ ನೆಚ್ಚಲಾಗದು. ಜೆಲ್ ಖಾಲಿ ಬಂತೆಂದು ‘ಪ್ಲಾಸ್ಮಿಡ್ ಇಲ್ಲ’ ಎಂದು ಪ್ರಬಂಧದಲ್ಲಿ ಬರೆಯುವುದು ಇಲ್ಲಿ ಆಗುವ ಅತಿ ದೊಡ್ಡ ಅನ್ಯಾಯ.

ಇನ್ನೊಂದು ತಪ್ಪು ಇದರ ಉಲ್ಟಾ. ಒಂದೇ ಪ್ಲಾಸ್ಮಿಡ್ ಸುರುಳಿ, ಬಿಚ್ಚಿದ ವೃತ್ತ, ನೇರ ಎಂಬ ಮೂರು ರೂಪದಲ್ಲಿ ಮೂರು ಬ್ಯಾಂಡ್ ಕೊಡಬಹುದು. ಅದನ್ನು ಮೂರು ಪ್ಲಾಸ್ಮಿಡ್ ಎಂದು ಎಣಿಸಿದರೆ ವೈವಿಧ್ಯದ ಲೆಕ್ಕವೇ ಸುಳ್ಳು. ಜೆಲ್‌ನಲ್ಲಿ ಗಾತ್ರ ಅಳೆಯಲು ಓಡಿಸುವ ಮಾಮೂಲಿ ಲ್ಯಾಡರ್ ನೇರ ಡಿಎನ್‌ಎಯದು, ಇಲ್ಲಿ ಅಳತೆಗೋಲಲ್ಲ, ಇ. ಕೋಲೈ ವಿ517 ತಳಿಯ ಎಂಟು ಪ್ಲಾಸ್ಮಿಡ್‌ಗಳನ್ನು, ಸುಮಾರು 2ರಿಂದ 54 ಕಿಲೋಬೇಸ್, ಪಕ್ಕದಲ್ಲಿ ಓಡಿಸಿ.

ದೊಡ್ಡವನ್ನು ಕಾಣಲು 1981ರ ಕಾಡೊ–ಲಿಯು ವಿಧಾನ ಕಡಿಮೆ ಖರ್ಚಿನದು: 3% ಎಸ್‌ಡಿಎಸ್, ಪಿಎಚ್ 12.6, ಬಿಸಿ ಮಾಡಿ, ಫೀನಾಲ್–ಕ್ಲೋರೋಫಾರ್ಮ್. ಕಾಲಮ್ ಇಲ್ಲದ್ದರಿಂದ ದೊಡ್ಡವು ಉಳಿಯುತ್ತವೆ, ಆದರೆ ಫ್ಯೂಮ್ ಹುಡ್ ಬೇಕೇ ಬೇಕು. ಬಗೆ ಗುರುತಿಸಲು 2005ರಲ್ಲಿ ಬಂದ ರೆಪ್ಲಿಕಾನ್ (ಪ್ಲಾಸ್ಮಿಡ್ ತನ್ನ ಪ್ರತಿ ಮಾಡಿಕೊಳ್ಳುವ ಭಾಗ) ಪಿಸಿಆರ್ ಸಾಕು. ಐದು ಮಲ್ಟಿಪ್ಲೆಕ್ಸ್ (ಒಂದೇ ಟ್ಯೂಬಿನಲ್ಲಿ ಹಲವು), ಮೂರು ಒಂಟಿ ಪಿಸಿಆರ್, 18 ರೆಪ್ಲಿಕಾನ್. ಕುದಿಸಿ ತೆಗೆದ ಡಿಎನ್‌ಎ ನಡೆಯುತ್ತದೆ, ಕಿಟ್ಟೇ ಬೇಡ. ಒಂದು ಎಚ್ಚರ: ಕೊಲಿಸ್ಟಿನ್‌ಗೆ ಬಗ್ಗದ ಎಂಸಿಆರ್-1 ಜೀನ್ 2015ರಲ್ಲಿ ಚೀನಾದಿಂದ ವರದಿಯಾದಾಗ ಇಂಕ್-ಐ2 ಮೇಲಿತ್ತು, ಮುಂದೆ ಎಕ್ಸ್4 ಮೇಲೂ ಕಂಡಿತು. ಆ 18ರಲ್ಲಿ ಐ2, ಎಕ್ಸ್4 ಇಲ್ಲ, ಎರಡಕ್ಕೂ ಬೇರೆ ಪ್ರೈಮರ್ ತರಿಸಬೇಕು. ಭಾರತ 2019ರಲ್ಲಿ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ನಿಷೇಧಿಸಿದ ಮೇಲೂ ಹುಡುಕುವುದನ್ನು ಬಿಡುವಂತಿಲ್ಲ.

ಬೀದರಿನ ಕಾರಂಜಾ ಜಲಾಶಯದ ನೀರು, ತಿಪ್ಪೆ, ಹೊಲದ ಮಣ್ಣು ಆದರೆ ಕಿಟ್ ಇನ್ನಷ್ಟು ಹಿಂದೆ. ಅಲ್ಲಿನ ಬಹುಪಾಲು ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ. ರಿಫಾಂಪಿಸಿನ್‌ಗೆ ಬಗ್ಗದ, ಪ್ಲಾಸ್ಮಿಡ್ ಇಲ್ಲದ ತಳಿಯನ್ನು ಮಾದರಿಯೊಂದಿಗೆ ಫಿಲ್ಟರ್ ಮೇಲೆ ಬೆರೆಸಿ, ರಿಫಾಂಪಿಸಿನ್ ಮತ್ತು ಇನ್ನೊಂದು ಔಷಧ ಇರುವ ಪ್ಲೇಟಿನಲ್ಲಿ ಆರಿಸಿದರೆ, ಇಂಕ್-ಪಿ ಥರದ, ಎಲ್ಲೆಡೆ ದಾಟುವ ಪ್ಲಾಸ್ಮಿಡ್ ತಾನೇ ಬಂದು ಸೇರುತ್ತದೆ. 37 ಡಿಗ್ರಿ ಜೊತೆಗೆ 25ರಲ್ಲೂ ಮಾಡಿ. ಇಂಕ್-ಎಚ್‌ಐ ಗುಂಪು ಕಡಿಮೆ ಉಷ್ಣತೆಯಲ್ಲೇ ಚೆನ್ನಾಗಿ ದಾಟುತ್ತದೆ.

ಬಳಸಿದ ಬಫರ್ ಇರುವ ಡಬ್ಬಿಗೆ ಬ್ಲೀಚ್ ಎಂದೂ ಸುರಿಯಬೇಡಿ. ಕಿಟ್‌ನ ಬಫರಿನಲ್ಲಿರುವ ಗ್ವಾನಿಡೀನ್ ಜೊತೆ ಅದು ವಿಷಾನಿಲ ಹುಟ್ಟಿಸುತ್ತದೆ.

ಕೊಳ್ಳುವುದಾದರೆ 50 ಪ್ರೆಪ್‌ನ ಚಿಕ್ಕ ಪ್ಯಾಕ್ ತಗೊಳ್ಳಿ, ಸಣ್ಣ ಪ್ಲಾಸ್ಮಿಡ್‌ಗಳಿಗೆ ಮಾತ್ರ ಬಳಸಿ. ದೊಡ್ಡ ಪ್ಯಾಕ್‌ಗೆ ಇಡಬೇಕೆಂದಿದ್ದ ಹಣ ರೆಪ್ಲಿಕಾನ್ ಪ್ರೈಮರ್‌ಗಳಿಗೆ ಹೋಗಲಿ.